ನಾಯಿಯ ಮೈಮೇಲಿನ ಗಂಟು: ಬೆಳಕು ಏನು ಹೇಳಬಲ್ಲದು?

ಬೆಳಗಾವಿಯ ಪಕ್ಕದ ಕಾಕತಿಯಲ್ಲಿ ಹೊಲ ಕಾಯುವ ನಾಯಿಯೊಂದರ ಪಕ್ಕೆಯಲ್ಲಿ ಅಡಿಕೆ ಗಾತ್ರದ ಮೆತ್ತನೆಯ ಗಂಟು ಎದ್ದಿದೆ ಎಂದಿಟ್ಟುಕೊಳ್ಳಿ. ನಾಯಿಗೆ ನೋವಿಲ್ಲ, ಮೇವು ಬಿಟ್ಟಿಲ್ಲ. ಅದು ಲೈಪೋಮ ಎಂಬ ನಿರುಪದ್ರವಿ ಕೊಬ್ಬಿನ ಗಡ್ಡೆ ಇರಬಹುದು. ನಾಯಿಗಳ ಚರ್ಮದಲ್ಲಿ ಸಾಮಾನ್ಯವಾಗಿ ಕಾಣಿಸುವ ಮಾಸ್ಟ್ ಕೋಶಗಳ ಕ್ಯಾನ್ಸರೂ ಇರಬಹುದು. ಬರಿಯ ಕೈಯಿಂದ ಮುಟ್ಟಿ ಇವೆರಡನ್ನು ಖಚಿತವಾಗಿ ಬೇರ್ಪಡಿಸಲು ನುರಿತ ಪಶುವೈದ್ಯರಿಗೂ ಸಾಧ್ಯವಿಲ್ಲ. ಮೊದಲನೆಯದನ್ನು ಹಾಗೆಯೇ ಬಿಟ್ಟರೂ ನಡೆದೀತು. ಎರಡನೆಯದು ದುಗ್ಧಗ್ರಂಥಿ, ಗುಲ್ಮಗಳಿಗೆ ಹರಡಬಲ್ಲದು.

ಸೂಜಿ ಚುಚ್ಚದೆ, ಚರ್ಮ ಕತ್ತರಿಸದೆ ಗಂಟಿನ ಸ್ವರೂಪ ತಿಳಿಯಲು ಬೆಳಕನ್ನು ಬಳಸಬಹುದೇ? ಇದರ ತತ್ವವನ್ನು ತರಗತಿಯಲ್ಲೇ ತೋರಿಸಬಹುದು. ಕತ್ತಲೆಯ ಕೋಣೆಯಲ್ಲಿ ಬಿಳಿ ಬೆಳಕಿನ ಟಾರ್ಚನ್ನು ಬೆರಳಿಗೆ ಒತ್ತಿ ಹಿಡಿಯಿರಿ. ಆಚೆ ಬರುವುದು ಕೆಂಪು ಬೆಳಕು ಮಾತ್ರ. ನೀಲಿ, ಹಸಿರು ಬಣ್ಣಗಳನ್ನು ರಕ್ತದ ಹಿಮೋಗ್ಲೋಬಿನ್ ಹೀರಿಕೊಳ್ಳುತ್ತದೆ. ಒಳಗಿನ ಮೂಳೆ ಮಾತ್ರ ಸ್ಪಷ್ಟವಾಗಿ ಕಾಣದು; ಅಂಗಾಂಶದಲ್ಲಿ ಬೆಳಕು ದಿಕ್ಕುದಿಕ್ಕಿಗೆ ಚದರುವುದೇ ಅದಕ್ಕೆ ಕಾರಣ. ಹೀರಿಕೆ ಮತ್ತು ಚದರಿಕೆ, ಇವೆರಡೇ ನಮ್ಮ ಸುಳಿವುಗಳು. ಕ್ಯಾನ್ಸರ್ ಗಡ್ಡೆಯಲ್ಲಿ ಹೊಸ ರಕ್ತನಾಳಗಳು ಹುಟ್ಟುತ್ತವೆ, ಆಕ್ಸಿಜನ್ ಪ್ರಮಾಣ ಬದಲಾಗುತ್ತದೆ, ಕೋಶಕೇಂದ್ರಗಳು ದೊಡ್ಡದಾಗುತ್ತವೆ. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ 542 ಮತ್ತು 577 ನ್ಯಾನೊಮೀಟರ್ ತರಂಗದೂರಗಳ ಬಳಿ ಬೆಳಕನ್ನು ಹೆಚ್ಚು ಹೀರುತ್ತದೆ. ಒಂದು ದ್ಯುತಿತಂತುವಿನಿಂದ ಬಿಳಿ ಬೆಳಕನ್ನು ಕಳಿಸಿ, ಪಕ್ಕದ ತಂತುವಿನಿಂದ ಮರಳಿ ಬಂದದ್ದನ್ನು ರೋಹಿತಮಾಪಕಕ್ಕೆ ಒಯ್ದರೆ ಈ ವ್ಯತ್ಯಾಸಗಳನ್ನು ಅಳೆಯಬಹುದು.

ಇನ್ನೂ ಸೂಕ್ಷ್ಮವಾದ ವಿಧಾನ ನಮ್ಮವರೇ ಆದ ಸಿ.ವಿ. ರಾಮನ್ 1928ರಲ್ಲಿ ಕಂಡ ಪರಿಣಾಮವನ್ನು ಆಧರಿಸಿದೆ. ಚದರಿದ ಬೆಳಕಿನ ತೀರಾ ಅಲ್ಪ ಪಾಲು ಅಣುಗಳ ಕಂಪನದಿಂದಾಗಿ ಬಣ್ಣ ಬದಲಿಸುತ್ತದೆ. ಆ ಬದಲಾವಣೆ ಅಣುವಿನ ಗುರುತುಚೀಟಿ ಇದ್ದಂತೆ. ಕೊಬ್ಬಿನ ರೋಹಿತದಲ್ಲಿ ಸೆಂಟಿಮೀಟರಿಗೆ 1440 ಮತ್ತು 1745 ತರಂಗಸಂಖ್ಯೆಗಳ ಬಳಿ ರೇಖೆಗಳು ಎದ್ದುಕಾಣುತ್ತವೆ. ಕೋಶಗಳು ಒತ್ತಾಗಿರುವ ಗಡ್ಡೆಯಲ್ಲಿ ಪ್ರೋಟೀನು, ನ್ಯೂಕ್ಲಿಯಿಕ್ ಆಮ್ಲಗಳ ರೇಖೆಗಳದೇ ಮೇಲುಗೈ. ಮಣಿಪಾಲದ ಲೇಸರ್ ರೋಹಿತದರ್ಶನ ಕೇಂದ್ರದ ವಿಜ್ಞಾನಿಗಳು 2000ರ ದಶಕದಲ್ಲಿ ಮನುಷ್ಯರ ಬಾಯಿ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಅಂಗಾಂಶಗಳನ್ನು ಇದೇ ದಾರಿಯಲ್ಲಿ ಪರೀಕ್ಷಿಸಿದ್ದರು. ನಾಯಿಗೂ ಭೌತವಿಜ್ಞಾನ ಬೇರೆಯಲ್ಲ.

ತೊಡಕಿರುವುದು ನಾಯಿಯ ಚರ್ಮದಲ್ಲಿ. ಕೂದಲು ಬೆಳಕನ್ನು ತಡೆಯುತ್ತದೆ. ಮುಧೋಳ ನಾಯಿಯಂಥ ಗಿಡ್ಡ ಕೂದಲಿನ ತಳಿಯಲ್ಲೂ ಅದನ್ನು ಬೋಳಿಸಬೇಕು. ಕಪ್ಪು ಚರ್ಮದ ಮೆಲನಿನ್ ಹಿಮೋಗ್ಲೋಬಿನ್ನಿನ ಸುಳಿವನ್ನೇ ಮುಚ್ಚಿಬಿಡಬಹುದು. ಅದಕ್ಕಾಗಿ ಅದೇ ನಾಯಿಯ ಇನ್ನೊಂದು ಪಕ್ಕೆಯ ಆರೋಗ್ಯವಂತ ಚರ್ಮದೊಡನೆ ಹೋಲಿಸುವುದು ಲೇಸು. ಆಳದ ಪ್ರಶ್ನೆಯೂ ಇದೆ. ಆರೋಗ್ಯವಂತ ಚರ್ಮದ ಕೆಳಗೂ ಕೊಬ್ಬು ಇರುವುದರಿಂದ, ಆಳದ ಗಡ್ಡೆಯ ಬದಲು ಮೇಲಿನ ಪದರದ ಕೊಬ್ಬನ್ನೇ ಉಪಕರಣ ಓದಿ 'ಲೈಪೋಮ' ಎಂದುಬಿಟ್ಟೀತು!

ಈ ತಪ್ಪು ಅಪಾಯಕಾರಿ. 'ಅನುಮಾನವಿದೆ' ಎಂದು ಉಪಕರಣ ತಪ್ಪಾಗಿ ಹೇಳಿದರೆ ನಾಯಿಗೆ ಒಂದು ಸೂಜಿ ಹೆಚ್ಚು, ಅಷ್ಟೆ. 'ಭಯವಿಲ್ಲ' ಎಂದು ತಪ್ಪಾಗಿ ಹೇಳಿದರೆ ತಿಂಗಳುಗಳೇ ಕಳೆದುಹೋಗುತ್ತವೆ. ಸೂಜಿಯಿಂದ ಕೋಶಗಳನ್ನು ಹೀರಿ ತೆಗೆದು, ಗಾಜಿನ ಪಟ್ಟಿಯ ಮೇಲೆ ಬಣ್ಣ ಹಾಕಿ ನೋಡುವ ಪರೀಕ್ಷೆಗೆ ಒಂದು ಸೂಕ್ಷ್ಮದರ್ಶಕ ಸಾಕು. ಮಾಸ್ಟ್ ಕೋಶಗಳ ನೇರಳೆ ಕಣಗಳು ಬಹುಮಟ್ಟಿಗೆ ಎದ್ದುಕಾಣುತ್ತವೆ. ಕಾಕತಿಯ ನಾಯಿಗೆ ಇಂದು ಸೂಕ್ತವಾದದ್ದು ಅದೇ ಎಂಬುದು ನನ್ನ ಅಭಿಪ್ರಾಯ. ಮೈತುಂಬ ಗಂಟುಗಳಿರುವ ಮುದಿ ನಾಯಿಯಲ್ಲಿ ಯಾವುದಕ್ಕೆ ಮೊದಲು ಸೂಜಿ ಹಾಕಬೇಕೆಂದು ತೋರಿಸುವುದು ಬೆಳಕಿಗೆ ತಕ್ಕ ಕೆಲಸ.

ಅಳೆಯುವಾಗ ಉಪಕರಣವನ್ನು ಗಂಟಿನ ಮೇಲೆ ಒತ್ತಬಾರದು. ಒತ್ತಿದರೆ ರಕ್ತ ಸರಿದು ರೋಹಿತ ಬದಲಾಗುತ್ತದೆ. ಗಂಟು ಮಾಸ್ಟ್ ಕೋಶಗಳದ್ದಾದರೆ ಹಿಸ್ಟಮೀನ್ ಹೊರಬಂದು ಸುತ್ತಲಿನ ಚರ್ಮ ಕೆಂಪಾಗಿ ಊದಿಕೊಳ್ಳಲೂಬಹುದು.