ನಲ್ಲಿಯ ಬುಡ ಸೋರುತ್ತಿದೆಯೇ?

ಬೆಂಗಳೂರಿನ ಮನೆಗಳಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರು ದೂರದಿಂದ, ಪಂಪುಗಳ ಬಲದಿಂದ ಸುಮಾರು 500 ಮೀಟರು ಮೇಲೇರಿ. ಅಂಥ ನೀರು ನಲ್ಲಿ ಗೋಡೆಗೆ ಸೇರುವಲ್ಲಿ ತೊಟ್ಟಿಕ್ಕಿ ಬಚ್ಚಲು ಸೇರುವುದೆಂದರೆ! ಸೋರುವಲ್ಲಿ ಒಂದು ಗಂಟೆ ಚೊಂಬು ಇಟ್ಟು ನೋಡಿ. ಕಾಲು ಲೀಟರು ತುಂಬಿದರೆ ದಿನಕ್ಕೆ 6 ಲೀಟರು ಹೋಯಿತೆಂದೇ ಲೆಕ್ಕ.

ಇಂಥಲ್ಲಿ ಮನೆಯವರು ಮೊದಲು ಮಾಡುವುದು ನಲ್ಲಿಯನ್ನು ಇನ್ನಷ್ಟು ಬಿಗಿಯುವುದು. ಪ್ಲಾಸ್ಟಿಕ್ ಕೊಳವೆಯಾದರೆ ಸೀಳಿ, ಗೋಡೆ ಒಡೆಸುವ ಪಾಡು ಬಂದೀತು. ನೀರಿಗೆ ದಾರಿಯಾಗುವುದು ತಿರುಪಿನ ಸುತ್ತುಗಳ ನಡುವಿನ ಸಣ್ಣ ಸಂದು. ಅದನ್ನು ತುಂಬುವುದು ಬಿಳಿಯ ಟೆಫ್ಲಾನ್ ಟೇಪು. ಈ ವಸ್ತು 1938ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ರಾಯ್ ಪ್ಲಂಕೆಟ್‌ಗೆ ಆಕಸ್ಮಿಕವಾಗಿ ಸಿಕ್ಕಿದ್ದು.

ಮೇನ್ ವಾಲ್ವ್ ಮುಚ್ಚಿ, ನಲ್ಲಿ ಬಿಚ್ಚಿ, ಹಳೆಯ ಟೇಪನ್ನು ಪೂರ್ತಿ ಕೆರೆದು ಒರೆಸಿ. ತಿರುಪಿನ ತುದಿಯನ್ನು ನಿಮ್ಮ ಕಡೆಗೆ ಹಿಡಿದು, ಗಡಿಯಾರದ ಮುಳ್ಳಿನ ದಿಕ್ಕಿಗೇ ಟೇಪನ್ನು ಎಳೆದೆಳೆದು ಏಳೆಂಟು ಸುತ್ತು ಸುತ್ತಿ. ಉಲ್ಟಾ ಸುತ್ತಿದರೆ ನಲ್ಲಿ ಕೂರಿಸುವಾಗಲೇ ಬಿಚ್ಚಿಕೊಳ್ಳುತ್ತದೆ. ಮಕ್ಕಳು ಎಡವುವುದು ಇಲ್ಲೇ, ದೊಡ್ಡವರೂ! ಮೊದಲು ಕೈಯಿಂದ ತಿರುಗಿಸಿ, ಆಮೇಲಷ್ಟೇ ಸ್ಪ್ಯಾನರ್ ಹಿಡಿಯಿರಿ. ನಲ್ಲಿಯ ಬಾಯಿ ನೆಟ್ಟಗೆ ಬರಲಿಲ್ಲವೆಂದು ಹಿಂದಕ್ಕೆ ತಿರುಗಿಸಬೇಡಿ. ಟೇಪು ಸಡಿಲವಾಗಿ ಮತ್ತೆ ಸೋರುತ್ತದೆ. ಆಗ ಪೂರ್ತಿ ಬಿಚ್ಚಿ, ಹೊಸದಾಗಿಯೇ ಸುತ್ತಬೇಕು.