ಎರಡು ಗೆದ್ದರೂ ಕಿರೀಟ ಇಲ್ಲ!

'ಟ್ರಿಪಲ್ ಕ್ರೌನ್ ಅಂದ್ರೆ ಏನ್ರೀ?' ರೇಸ್ ಬುಕ್ ಹಿಡಿದು ಬಸ್ಸಿಗೆ ಕಾಯುವವರನ್ನು ಕೇಳಿ ನೋಡಿ. 'ಮೂರು ದೊಡ್ಡ ರೇಸ್ ಗೆದ್ದ ಕುದುರೆಗೆ ಕೊಡೋ ಬಿರುದು' ಎಂದು ಒಂದೇ ಉಸಿರಿಗೆ ಉತ್ತರ ಬರುತ್ತದೆ. ಸರಿ, ಕೊಡುವವರು ಯಾರು? ಸ್ವಾರಸ್ಯ ಇರೋದೇ ಅಲ್ಲಿ.

1919ರಲ್ಲಿ ಅಮೆರಿಕದ ಸರ್ ಬಾರ್ಟನ್ ಎಂಬ ಕುದುರೆ ಕೆಂಟಕಿ ಡರ್ಬಿ, ಪ್ರೀಕ್‌ನೆಸ್, ಬೆಲ್ಮಾಂಟ್ ಮೂರನ್ನೂ ಗೆದ್ದಿತು. ಕಿರೀಟದ ಮಾತು ಆಗ ಇರಲಿಲ್ಲ. ಆ ಹೆಸರು ಅಲ್ಲಿ ಜನರ ಬಾಯಿಗೆ ಹತ್ತಿದ್ದು 1930ರ ದಶಕದಲ್ಲಿ, ಪತ್ರಿಕೆಯವರ ಕೃಪೆಯಿಂದ. ಟ್ರೋಫಿ ಮಾಡಿಸಿದ್ದು 1950ರಲ್ಲಿ. ಹಳೆಯ ವಿಜೇತರಿಗೂ ಹಿಂದಿನ ಲೆಕ್ಕ ಹಿಡಿದು ಕೊಟ್ಟರು. ಪಾಪ, ಅಷ್ಟು ಹೊತ್ತಿಗೆ ಸರ್ ಬಾರ್ಟನ್ ಸತ್ತು 13 ವರ್ಷವಾಗಿತ್ತು!

ಒಂದೇ ಸಲ

ಈ ರೇಸುಗಳಿಗೆ ಮೂರು ವರ್ಷದ ಕುದುರೆಗಳಿಗೆ ಮಾತ್ರ ಪ್ರವೇಶ. ಅಂದರೆ ಜನ್ಮಕ್ಕೆ ಒಂದೇ ಅವಕಾಶ. ಎಸ್ಸೆಸ್ಸೆಲ್ಸಿ ಥರ ಸಪ್ಲಿಮೆಂಟರಿ ಇಲ್ಲ. ದೂರವೂ ಒಂದೇ ಅಲ್ಲ. ಇಂಗ್ಲೆಂಡಿನಲ್ಲಿ 2000 ಗಿನೀಸ್‌ಗೆ ಒಂದು ಮೈಲಿ, ಡರ್ಬಿಗೆ ಒಂದೂವರೆ ಮೈಲಿ, ಸೇಂಟ್ ಲೆಜರ್‌ಗೆ ಒಂದೂಮುಕ್ಕಾಲು ಮೈಲಿಗೂ ಮಿಕ್ಕು. ಮೊದಲನೆಯದಕ್ಕೆ ವೇಗ ಬೇಕು, ಕೊನೆಯದಕ್ಕೆ ದಮ್ಮು ಬೇಕು. ಎರಡೂ ಒಂದೇ ಮೈಯಲ್ಲಿ ಇರೋದು ಅಪರೂಪ. ಅದಕ್ಕೇ ಬಿರುದಿಗೆ ಬೆಲೆ. ನಮ್ಮ ಇಂಡಿಯನ್ ಗಿನೀಸ್, ಡರ್ಬಿ, ಲೆಜರ್‌ಗಳೂ ಇದೇ ಅಚ್ಚಿನವು.

ಅಮೆರಿಕದಲ್ಲಿ 1919ರಿಂದ 2025ರವರೆಗೆ ಮೂರನ್ನೂ ಗೆದ್ದದ್ದು 13 ಕುದುರೆ ಮಾತ್ರ. 1973ರಲ್ಲಿ ಸೆಕ್ರೆಟೇರಿಯಟ್ ಕೊನೆಯ ರೇಸನ್ನು 31 ಕುದುರೆಯುದ್ದದ ಅಂತರದಿಂದ ಗೆದ್ದಿತು. 1978ರಲ್ಲಿ ಅಫರ್ಮ್ಡ್ ಗೆದ್ದ ಮೇಲೆ 2015ರಲ್ಲಿ ಅಮೆರಿಕನ್ ಫೇರೋ ಬರುವವರೆಗೆ 37 ವರ್ಷ ಕಿರೀಟಕ್ಕೆ ತಲೆಯೇ ಸಿಗಲಿಲ್ಲ.

ಬೇಡವಾದ ಮೂರನೆಯದು

ಇಂಗ್ಲೆಂಡಿನ ಕಥೆ ಬೇರೆ. ಅಲ್ಲಿ ಕೊನೆಯದಾಗಿ ಮೂರನ್ನೂ ಗೆದ್ದದ್ದು 1970ರಲ್ಲಿ, ನಿಜಿನ್‌ಸ್ಕಿ. ಲೆಜರ್ ಗೆದ್ದ ಮೂರೇ ವಾರಕ್ಕೆ ಪ್ಯಾರಿಸ್‌ನ ಆರ್ಕ್ ರೇಸಿನಲ್ಲಿ ಅದು ತಲೆಯಷ್ಟು ಅಂತರದಲ್ಲಿ ಸೋತಿತು. ಲೆಜರ್ ಓಡಿಸಿ ಕುದುರೆಯನ್ನು ದಣಿಸಿದರು ಎಂಬ ಮಾತು ಹುಟ್ಟಿತು. ಆಮೇಲೆ 1989ರಲ್ಲಿ ನಶ್ವಾನ್, 2009ರಲ್ಲಿ ಸೀ ದ ಸ್ಟಾರ್ಸ್ ಮೊದಲೆರಡು ಗೆದ್ದವು. ಮಾಲೀಕರು ಲೆಜರ್ ಕಡೆ ತಿರುಗಿಯೂ ನೋಡಲಿಲ್ಲ. 2012ರಲ್ಲಿ ಕ್ಯಾಮೆಲಾಟ್‌ನ ಕಡೆಯವರು ಧೈರ್ಯ ಮಾಡಿದರು. ಕುದುರೆ ಎರಡನೆಯದಾಗಿ ಬಂತು.

ಕಾರಣ ಗುಟ್ಟೇನಲ್ಲ. ಅಂಗಡಿಯವರಿಗೆ ಬೇಗ ತಿಳಿಯುತ್ತದೆ. ಓಟ ಮುಗಿದ ಮೇಲೆ ಗಂಡು ಕುದುರೆಯ ದುಡಿಮೆ ಸಂತಾನದಲ್ಲಿ. ತಳಿ ಕೊಳ್ಳುವವರು ಹುಡುಕೋದು ವೇಗ. ಉದ್ದದ ರೇಸ್ ಗೆದ್ದ ಕುದುರೆಗೆ 'ನಿಧಾನದ ತಳಿ' ಅನ್ನೋ ಹೆಸರು ಅಂಟಿದರೆ ಗಿರಾಕಿ ಕಡಿಮೆ. ಕಿರೀಟ ಗೆದ್ದೂ ನಷ್ಟ!

ಈ ಗಾಳಿ ಈಗ ಅಮೆರಿಕಕ್ಕೂ ಬೀಸಿದೆ, ಬೇರೆ ಕಾರಣಕ್ಕೆ. ಅಲ್ಲಿ ಐದು ವಾರದಲ್ಲಿ ಮೂರೂ ರೇಸ್ ಮುಗಿಯಬೇಕು. 2025ರಲ್ಲಿ ಸಾವರಿನ್‌ಟಿ ಕೆಂಟಕಿ ಡರ್ಬಿ ಗೆದ್ದಿತು. ಎರಡೇ ವಾರಕ್ಕೆ ಮತ್ತೆ ಓಡಿಸೋದು ಬೇಡವೆಂದು ಪ್ರೀಕ್‌ನೆಸ್ ಬಿಡಿಸಿದರು. ವಿಶ್ರಾಂತಿ ಪಡೆದು ಬಂದ ಕುದುರೆ ಬೆಲ್ಮಾಂಟ್ ಗೆದ್ದೇಬಿಟ್ಟಿತು. ಎರಡು ಗೆದ್ದರೂ ಕಿರೀಟ ಇಲ್ಲ. ಕುದುರೆಯ ದೇಹವೂ ಮೂಳೆ ಮಾಂಸದ್ದೇ ತಾನೆ? ತಪ್ಪು ಅನ್ನಲಾದೀತೆ?

ಆದರೂ ಎಲ್ಲರೂ ಹೀಗೇ ಲೆಕ್ಕ ನೋಡುತ್ತಾ ಕೂತರೆ ಬಿರುದು ಉಳಿದೀತೇ? ಟ್ರೋಫಿ ಏನೋ ಇದ್ದೇ ಇದೆ. ಮೂರಕ್ಕೂ ಕುದುರೆ ಇಳಿಸೋ ಮಾಲೀಕ ಬೇಕಲ್ಲ, ಸ್ವಾಮಿ!