ಹಾಲಾಂಗ್ ಕೊಲ್ಲಿಯಲ್ಲಿ ಒಂದು ಇರುಳು

ಯಾತ್ರೆ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವ ಹೆಸರುಗಳು ಕೂಡಲಸಂಗಮ, ಬಸವಕಲ್ಯಾಣ, ಉಳವಿ, ಶ್ರೀಶೈಲ. ಜಾತ್ರೆಗೆ ಬುತ್ತಿ ಕಟ್ಟಿಕೊಂಡು ಬಂಡಿಯಲ್ಲಿ ಹೋಗಿ ಬಂದರೆ ಹಿರಿಯರಿಗೆ ವರ್ಷದ ತೃಪ್ತಿ ದೊರೆಯುತ್ತಿತ್ತು. ಈಗ ಕಾಲ ಬದಲಾಗಿದೆ. ಮಕ್ಕಳು ಬೆಂಗಳೂರಿನಲ್ಲಿಯೋ, ಸಿಂಗಪುರದಲ್ಲಿಯೋ ಉದ್ಯೋಗದಲ್ಲಿದ್ದಾರೆ. ದುಡಿದು ದಣಿದ ತಂದೆ-ತಾಯಿಯರಿಗೆ ನಾಲ್ಕು ದಿನ ಲೋಕವನ್ನು ತೋರಿಸಬೇಕೆಂಬ ಬಯಕೆ ಅವರಲ್ಲಿ ಮೂಡುವುದು ಸಹಜವೂ ಹೌದು, ಶ್ಲಾಘ್ಯವೂ ಹೌದು. ಆದರೆ ಹಿರಿಯರ ಮನಸ್ಸಿನಲ್ಲಿ ಕೆಲವು ಶಂಕೆಗಳು ಉಳಿದೇ ಇರುತ್ತವೆ. ಪರದೇಶದಲ್ಲಿ ನಿತ್ಯಪೂಜೆ ನಡೆಯುವುದೆಂತು? ಅಲ್ಲಿ ನಮಗೆ ಯೋಗ್ಯವಾದ ಆಹಾರ ದೊರೆಯುವುದೇ? ನೀರಿನ ಮೇಲೆ ಜೀವಕ್ಕೆ ಅಪಾಯವಿಲ್ಲವೇ? ಭಕ್ತ ಕುಟುಂಬವೊಂದರ ಒತ್ತಾಸೆಯಿಂದ ಈಚಿನ ಚಳಿಗಾಲದಲ್ಲಿ ನಾವು ವಿಯೆಟ್ನಾಮ್ ದೇಶದ ಹಾಲಾಂಗ್ ಕೊಲ್ಲಿಯಲ್ಲಿ ಒಂದು ರಾತ್ರಿ ಹಡಗಿನ ಮೇಲೆ ಕಳೆದೆವು. ಅಲ್ಲಿ ಕಂಡುದನ್ನೂ, ಈ ಶಂಕೆಗಳಿಗೆ ದೊರೆತ ಸಮಾಧಾನವನ್ನೂ ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಡ್ರ್ಯಾಗನ್ ಇಳಿದ ತಾಣ

ವಿಯೆಟ್ನಾಮಿನ ಈಶಾನ್ಯ ಭಾಗದ ಕ್ವಾಂಗ್ ನಿನ್ ಪ್ರಾಂತದಲ್ಲಿ, ಟಾಂಕಿನ್ ಖಾರಿಯ ಅಂಚಿಗೆ ಈ ಕೊಲ್ಲಿ ಹಬ್ಬಿಕೊಂಡಿದೆ. ಇದರ ವಿಸ್ತಾರ ಸುಮಾರು 1,500 ಚದರ ಕಿಲೋಮೀಟರು. ಅದರೊಳಗೆ ಸಾವಿರಾರು ಸಣ್ಣ ದೊಡ್ಡ ನಡುಗಡ್ಡೆಗಳು. ಬಹುಪಾಲು ನಡುಗಡ್ಡೆಗಳಲ್ಲಿ ಮನುಷ್ಯರ ವಾಸವಿಲ್ಲ. ನೀರಿನಿಂದ ನೆಟ್ಟಗೆ ಮೇಲೆದ್ದ ಸುಣ್ಣಕಲ್ಲಿನ ಗೋಡೆಗಳು, ಅವುಗಳ ಬಿರುಕುಗಳಲ್ಲಿ ಬೇರೂರಿದ ಹಸಿರು. 1994ರಲ್ಲಿ ಯುನೆಸ್ಕೋ ಸಂಸ್ಥೆಯು ಇದರ ಚೆಲುವಿಗಾಗಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2000ದಲ್ಲಿ ಭೂವಿಜ್ಞಾನದ ಮಹತ್ವಕ್ಕಾಗಿ ಮತ್ತೊಮ್ಮೆ ಮಾನ್ಯ ಮಾಡಿತು. 2023ರಲ್ಲಿ ನೆರೆಯ ಕಾತ್ ಬಾ ದ್ವೀಪಸಮೂಹವನ್ನೂ ಇದರೊಡನೆ ಕೂಡಿಸಿತು.

'ಹಾಲಾಂಗ್' ಎಂದರೆ ಇಳಿದು ಬಂದ ಡ್ರ್ಯಾಗನ್ ಎಂದು ಅರ್ಥ. ಶತ್ರುಗಳ ನೌಕೆಗಳು ನಾಡಿನ ಮೇಲೆ ಏರಿ ಬಂದಾಗ ತಾಯಿ ಡ್ರ್ಯಾಗನ್ ತನ್ನ ಮರಿಗಳೊಡನೆ ಆಕಾಶದಿಂದ ಇಳಿದು, ಬಾಯಿಂದ ಮುತ್ತುರತ್ನಗಳನ್ನು ಉಗುಳಿತಂತೆ. ಅವೆಲ್ಲ ಬಂಡೆಗಳಾಗಿ ಶತ್ರುಗಳ ದಾರಿಯನ್ನು ಕಟ್ಟಿದವಂತೆ. ಇದು ಕಥೆ. ಆದರೆ ಕಥೆಯ ಹಿಂದೆ ಇತಿಹಾಸದ ನೆರಳೂ ಇದೆ. 1288ರಲ್ಲಿ ಇಲ್ಲಿಗೆ ಸಮೀಪದ ಬಾಕ್ ಡಾಂಗ್ ನದಿಯಲ್ಲಿ ಸೇನಾನಿ ಚಾನ್ ಹುಂಗ್ ದಾವ್ ಎಂಬಾತನು ನದಿಯ ತಳದಲ್ಲಿ ಚೂಪಾದ ಮರದ ಗೂಟಗಳನ್ನು ನೆಡಿಸಿದನು. ಭರತದ ವೇಳೆಯಲ್ಲಿ ಮಂಗೋಲರ ನೌಕೆಗಳನ್ನು ಒಳಗೆ ಸೆಳೆದು, ಇಳಿತದ ವೇಳೆಯಲ್ಲಿ ಅವು ಗೂಟಗಳಿಗೆ ಸಿಕ್ಕಿಕೊಳ್ಳುವಂತೆ ಮಾಡಿ ನಾಶಗೊಳಿಸಿದನು. ಈ ಕಡಲಿನ ಒಂದು ವಿಶೇಷವೆಂದರೆ ಇಲ್ಲಿ ದಿನಕ್ಕೆ ಒಂದೇ ಭರತ, ಒಂದೇ ಇಳಿತ. ನಮ್ಮ ಕಾರವಾರದ ಕಡಲಿನಲ್ಲಿ ಅದು ದಿನಕ್ಕೆ ಎರಡು ಸಲ. ತನ್ನ ನೀರಿನ ನಡೆಯನ್ನು ಬಲ್ಲವನು ತನ್ನ ನಾಡನ್ನು ಉಳಿಸಿಕೊಂಡನು.

ಈ ಬಂಡೆಗಳು ಹುಟ್ಟಿದ ಬಗೆಯನ್ನು ಅರಿಯಲು ನಮ್ಮ ಉತ್ತರ ಕನ್ನಡದ ಯಾಣವನ್ನು ನೆನೆಯಬೇಕು. ಯಾಣದ ಭೈರವೇಶ್ವರ ಶಿಖರವೂ ಸುಣ್ಣಕಲ್ಲೇ. ಮೂವತ್ತು ಕೋಟಿ ವರ್ಷಗಳ ಹಿಂದಿನ ಕಡಲತಳದಲ್ಲಿ ಚಿಪ್ಪು, ಹವಳಗಳು ಪದರಪದರವಾಗಿ ಕೂಡಿ ಹಾಲಾಂಗಿನ ಈ ಕಲ್ಲಾಯಿತು. ಮುಂದೆ ನೆಲ ಮೇಲೆದ್ದಿತು. ಗಾಳಿಯ ಇಂಗಾಲಾಮ್ಲವನ್ನು ಹೀರಿಕೊಂಡ ಮಳೆನೀರು ಮೆಲ್ಲಮೆಲ್ಲನೆ ಕಲ್ಲನ್ನು ಕರಗಿಸಿ ಕಣಿವೆಗಳನ್ನೂ ಗವಿಗಳನ್ನೂ ಕೊರೆಯಿತು. ಹಿಮಯುಗ ಕಳೆದು ಕಡಲು ಏರಿದಾಗ ಕಣಿವೆಗಳು ಮುಳುಗಿ, ಬೆಟ್ಟದ ತುದಿಗಳಷ್ಟೇ ದ್ವೀಪಗಳಾಗಿ ಉಳಿದವು. ಯಾಣದ ಶಿಖರಗಳಂಥವು ಸಾವಿರ ಸಂಖ್ಯೆಯಲ್ಲಿ ನೀರಿನ ನಡುವೆ ನಿಂತಂತೆ ಭಾವಿಸಿದರೆ ಹಾಲಾಂಗ್ ಕಣ್ಣಿಗೆ ಕಟ್ಟುತ್ತದೆ.

ಹಡಗಿನ ಒಂದು ದಿನ

ರಾಜಧಾನಿ ಹನೋಯಿಯಿಂದ ಇಲ್ಲಿಗೆ ಸುಮಾರು 165 ಕಿಲೋಮೀಟರು. 2018ರಲ್ಲಿ ವೇಗದ ಹೆದ್ದಾರಿ ತೆರೆದ ಮೇಲೆ ಎರಡೂವರೆ ಗಂಟೆಯ ದಾರಿ. ತುವಾನ್ ಚಾವ್ ಬಂದರಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಹಡಗನ್ನು ಹತ್ತಿದರೆ ಮರುದಿನ ಮಧ್ಯಾಹ್ನದೊಳಗೆ ಮರಳಿ ದಡ ಸೇರಿಸುತ್ತಾರೆ. ಮಲಗಲು ಚೊಕ್ಕಟವಾದ ಕೋಣೆ, ಅದಕ್ಕೆ ಹೊಂದಿದ ಸ್ನಾನದ ಮನೆ, ಕಿಟಕಿಯ ಹೊರಗೆ ಸಾಲು ಬಂಡೆಗಳು.

ಸಂಜೆಯೊಳಗೆ ಎರಡು ತಾಣಗಳನ್ನು ತೋರಿಸುವುದು ವಾಡಿಕೆ. ಒಂದು, ಬೊ ಹೋನ್ ದ್ವೀಪದ ಸುಂಗ್ ಸೋತ್ ಗವಿ. ಬೆರಗಿನ ಗವಿ ಎಂದು ಅದರ ಹೆಸರಿನ ಅರ್ಥ. ಮೊದಲ ಕೋಣೆ ಚಿಕ್ಕದು. ಅದನ್ನು ದಾಟಿದರೆ ಸಾವಿರ ಜನ ಕೂಡಬಲ್ಲ ವಿಶಾಲವಾದ ಒಳಾಂಗಣ, ಮೇಲಿಂದ ಇಳಿಬಿದ್ದ ಸುಣ್ಣದ ಗೊಂಚಲುಗಳು. ಇನ್ನೊಂದು, ತಿ ತೊಪ್ ದ್ವೀಪ. 1962ರಲ್ಲಿ ಹೋ ಚಿ ಮಿನ್ ಅವರೊಡನೆ ಇಲ್ಲಿಗೆ ಬಂದ ಸೋವಿಯತ್ ಗಗನಯಾತ್ರಿ ಗೆರ್ಮನ್ ತಿತೋವ್ ಅವರ ಹೆಸರನ್ನು ಇದಕ್ಕೆ ಇಡಲಾಗಿದೆ. ಶಿಖರಕ್ಕೆ 400ಕ್ಕೂ ಹೆಚ್ಚು ಕಡಿದಾದ ಮೆಟ್ಟಿಲುಗಳು. ಮೊಣಕಾಲು ನೋವಿನವರು ಕೆಳಗಿನ ಮರಳ ದಂಡೆಯಲ್ಲಿಯೇ ಕುಳಿತು ಕೊಲ್ಲಿಯನ್ನು ನೋಡುವುದು ಲೇಸು.

ಇರುಳು ಹಡಗು ಲಂಗರು ಹಾಕಿತು. ಸುತ್ತ ಬೇರೆ ಹಡಗುಗಳ ದೀಪಗಳು ನೀರಿನಲ್ಲಿ ನಡುಗುತ್ತಿದ್ದವು. ಗಾಳಿ ಇರಲಿಲ್ಲ. ಹಡಗಿನವರು ಪ್ರವಾಸಿಗರಿಗೆ ಗಾಳವನ್ನು ಕೊಟ್ಟು ಕಡಲಜೀವಿಗಳನ್ನು ಹಿಡಿಯುವ ಆಟಕ್ಕೆ ಕರೆದರು. ಜೀವವನ್ನು ನೋಯಿಸುವುದು ನಮಗೆ ಆಟವಾಗದೆಂದು ನಮ್ಮ ಬಳಗ ನಯವಾಗಿ ತಿಳಿಸಿತು. ಅವರು ಬೇಸರಿಸಲಿಲ್ಲ, ನಮಗೆ ಮೇಲ್ಮಹಡಿಯಲ್ಲಿ ಕುರ್ಚಿಗಳನ್ನು ಹಾಕಿಕೊಟ್ಟರು. ನಮ್ಮ ನಡೆಯನ್ನು ಸೌಮ್ಯವಾಗಿ ಹೇಳಿಕೊಂಡರೆ ಯಾವ ನಾಡಿನವರೂ ಗೌರವಿಸುತ್ತಾರೆ.

ಪೂಜೆ ಮತ್ತು ಆಹಾರ

ಬಳಗದಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಲಿಂಗದೀಕ್ಷೆಯಾದಂದಿನಿಂದ ಒಂದು ದಿನವೂ ಪೂಜೆಯನ್ನು ತಪ್ಪಿಸದ ತಾಯಿ. ಹೊರಡುವ ಮೊದಲೇ ಅವರು ನಮ್ಮನ್ನು ಕೇಳಿದ್ದರು: "ಗುರುಗಳ, ನೀರ ಮ್ಯಾಲ ಪೂಜಿ ಹೆಂಗ ಮಾಡೂದ್ರಿ? ಅಲ್ಲಿ ಗುಡಿ ಇಲ್ಲ, ಗದ್ದಗಿ ಇಲ್ಲ."

ಈ ಪ್ರಶ್ನೆಗೆ ಉತ್ತರ ಶರಣರು ನಮಗೆ ಕೊಟ್ಟ ಇಷ್ಟಲಿಂಗದಲ್ಲಿಯೇ ಇದೆ. ಅಂಗದ ಮೇಲಿನ ಲಿಂಗಕ್ಕೆ ಬೇರೆ ಗುಡಿ ಬೇಕಿಲ್ಲ. ಭಕ್ತನಿದ್ದಲ್ಲಿಯೇ ಅದರ ಸ್ಥಾನ. ಇದನ್ನು ಹೇಳುವಾಗ ಅದೇ ವಿಯೆಟ್ನಾಮಿನ ಇನ್ನೊಂದು ಸಂಗತಿಯನ್ನು ಸ್ಮರಿಸಬೇಕು. ಆ ದೇಶದ ನಡುಭಾಗದಲ್ಲಿ ಒಂದು ಕಾಲಕ್ಕೆ ಚಂಪಾ ರಾಜ್ಯವಿತ್ತು. ಅದರ ಅರಸು ಭದ್ರವರ್ಮನು ಕ್ರಿ.ಶ. ನಾಲ್ಕನೆಯ ಶತಮಾನದಲ್ಲಿ ಮೀ ಸೋನ್ ಕಣಿವೆಯಲ್ಲಿ ಭದ್ರೇಶ್ವರನೆಂಬ ಹೆಸರಿನಿಂದ ಶಿವನನ್ನು ಪ್ರತಿಷ್ಠಾಪಿಸಿದನು. ಅಲ್ಲಿ ಶತಮಾನಗಳ ಕಾಲ ಶಿವಾಲಯಗಳು ಏಳುತ್ತಲೇ ಇದ್ದವು. ಕಾಲಾಂತರದಲ್ಲಿ ರಾಜ್ಯ ಅಳಿಯಿತು, ಗುಡಿಗಳನ್ನು ಕಾಡು ನುಂಗಿತು, ಯುದ್ಧದಲ್ಲಿ ಬಾಂಬುಗಳು ಬಿದ್ದವು. 1999ರಲ್ಲಿ ಅದೂ ವಿಶ್ವ ಪರಂಪರೆಯ ತಾಣವಾಯಿತು. 2020ರಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ನಡೆಸುತ್ತಿದ್ದಾಗ ಒಂಬತ್ತನೆಯ ಶತಮಾನದ ಏಕಶಿಲೆಯ ಶಿವಲಿಂಗವೊಂದು ಮಣ್ಣಿನಡಿಯಿಂದ ಹೊರಬಂದಿತು. ಅರಸರು ನೆಲೆಗೊಳಿಸಿದ ಲಿಂಗ ಅರಸೊತ್ತಿಗೆಯೊಡನೆ ಮಣ್ಣು ಸೇರಿತ್ತು. ಹನ್ನೆರಡನೆಯ ಶತಮಾನದ ಶರಣರು ಲಿಂಗವನ್ನು ಭಕ್ತನ ಎದೆಗೇ ಕಟ್ಟಿದರು. ಭಕ್ತ ನಡೆದಲ್ಲಿ ಅದು ನಡೆಯಿತು. ಸ್ಥಾವರ-ಜಂಗಮಗಳ ಭೇದವನ್ನು ಗ್ರಂಥಗಳಲ್ಲಿ ಓದಿದ್ದೆವು. ಅದರ ಅರ್ಥವು ಆ ಹಡಗಿನ ಕೋಣೆಯಲ್ಲಿ ಇನ್ನಷ್ಟು ತಿಳಿಯಾಯಿತು.

ನಸುಕಿನಲ್ಲಿ ಅಜ್ಜಿ ಮಿಂದು, ವಿಭೂತಿ ಧರಿಸಿ, ಕೋಣೆಯ ಕಿಟಕಿಯ ಬಳಿ ಕುಳಿತು ಕರಡಿಗೆಯನ್ನು ಬಿಚ್ಚಿದರು. ಹಡಗು ಮೆಲ್ಲನೆ ತೂಗುತ್ತಿತ್ತು. ಅಂಗೈ ಮೇಲಿನ ಲಿಂಗ ಅಲುಗಲಿಲ್ಲ. ಪೂಜೆ ಮುಗಿದ ಮೇಲೆ ಅವರಾಡಿದ ಮಾತು ಒಂದೇ: "ಮನ್ಯಾಗ ಕುಂತಂಗಾತ್ರಿ."

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬೆಳ್ಳಿಯ ಕರಡಿಗೆ ಕಂಡು ಅಧಿಕಾರಿಗಳು ಕೇಳಬಹುದು. ಪೂಜಾವಸ್ತುವೆಂದು ಶಾಂತವಾಗಿ ತಿಳಿಸಿ, ತಾವೇ ತೆರೆದು ತೋರಿಸುವುದು ಒಳ್ಳೆಯದು.

ಇನ್ನು ಆಹಾರ. ವಿಯೆಟ್ನಾಮಿನ ಅಡುಗೆಯಲ್ಲಿ ಮೀನಿನ ರಸವಾದ 'ನುವೊಕ್ ಮಾಮ್' ನಮ್ಮಲ್ಲಿನ ಉಪ್ಪಿನಂತೆ ಎಲ್ಲೆಡೆ ಬೀಳುತ್ತದೆ. ಬರಿಯ ಕಾಯಿಪಲ್ಯದ ಮೇಲೋಗರ ಕಂಡರೂ ಕೇಳದೆ ಉಣ್ಣಬಾರದು. ಆದರೆ ಅಲ್ಲಿನ ಬೌದ್ಧರಲ್ಲಿ ಸಸ್ಯಾಹಾರದ ಸಂಪ್ರದಾಯ ಗಟ್ಟಿಯಾಗಿದೆ. ಚಾಂದ್ರಮಾಸದ ಮೊದಲ ದಿನ ಮತ್ತು ಹದಿನೈದನೆಯ ದಿನ ಅನೇಕರು ಮಾಂಸ-ಮೀನುಗಳನ್ನು ಮುಟ್ಟುವುದಿಲ್ಲ. ಅದಕ್ಕೆ 'ಆನ್ ಚಾಯ್' ಎಂಬ ಹೆಸರಿದೆ. ಹಡಗನ್ನು ಕಾಯ್ದಿರಿಸುವಾಗಲೇ ಆ ಮಾತನ್ನು ಹೇಳಿ, ಮೀನಿನ ರಸವೂ ಬೇಡವೆಂದು ಬರೆಸಿದರೆ ಅನ್ನ, ತೋಫು, ಸೊಪ್ಪು, ಹಣ್ಣುಗಳನ್ನು ಬೇರೆಯಾಗಿ ಮಾಡಿ ಬಡಿಸುತ್ತಾರೆ. ಜೊತೆಗೆ ಕಟಿರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳ ಗಂಟೊಂದಿದ್ದರೆ ಚಿಂತೆಯಿಲ್ಲ.

ನೀರಿನ ಮೇಲಿನ ಮನೆಗಳು

ಮರುದಿನ ಮುಂಜಾವಿನಲ್ಲಿ ನಮ್ಮನ್ನು ಬಿದಿರಿನ ಸಣ್ಣ ದೋಣಿಗಳಲ್ಲಿ ಬಂಡೆಗಳ ನಡುವೆ ಕರೆದೊಯ್ದರು. ನಮ್ಮ ದೋಣಿಗೆ ಹುಟ್ಟು ಹಾಕುತ್ತಿದ್ದವಳು ನಡುವಯಸ್ಸಿನ ಹೆಣ್ಣುಮಗಳು. ಬಿಸಿಲಿಗೆ ಕಪ್ಪಾದ ಮುಖ, ತಲೆಗೆ ಗರಿಯ ಟೊಪ್ಪಿಗೆ. ಮಾರ್ಗದರ್ಶಕನ ಮೂಲಕ ಅಜ್ಜಿ ಆಕೆಯನ್ನು ಊರು ಯಾವುದೆಂದು ಕೇಳಿದರು. ಆಕೆ ಹುಟ್ಟಿನಿಂದ ಬರಿಯ ನೀರಿನ ಕಡೆಗೆ ಬೊಟ್ಟು ಮಾಡಿದಳು.

ಈ ಕೊಲ್ಲಿಯಲ್ಲಿ ಮೀನುಗಾರರ ಊರುಗಳು ನೀರಿನ ಮೇಲೆಯೇ ತೇಲುತ್ತಿದ್ದವು. ಕುವಾ ವಾನ್, ವುಂಗ್ ವಿಯೆಂಗ್ ಅವುಗಳಲ್ಲಿ ಹೆಸರಾದವು. ಅಲ್ಲಿಯೇ ಹುಟ್ಟು, ಅಲ್ಲಿಯೇ ಮದುವೆ, ಅಲ್ಲಿಯೇ ತೇಲುವ ಶಾಲೆ. ಬಿರುಗಾಳಿಯ ಭಯ, ನೀರಿನ ಮಾಲಿನ್ಯ, ಮಕ್ಕಳ ವಿದ್ಯಾಭ್ಯಾಸ ಇವನ್ನೆಲ್ಲ ಮುಂದಿಟ್ಟು ಸರಕಾರವು 2014ರಲ್ಲಿ ಮುನ್ನೂರಕ್ಕೂ ಅಧಿಕ ಕುಟುಂಬಗಳನ್ನು ದಡದ ಮೇಲಿನ ಹೊಸ ಮನೆಗಳಿಗೆ ಸಾಗಿಸಿತು. ಈಗ ಅವರಲ್ಲಿ ಕೆಲವರು ಹಗಲು ಬಂದು ಪ್ರವಾಸಿಗರಿಗಾಗಿ ಹುಟ್ಟು ಹಾಕಿ, ಸಂಜೆ ದಡಕ್ಕೆ ಮರಳುತ್ತಾರೆ. ಆಕೆಯೂ ಅವರಲ್ಲಿ ಒಬ್ಬಳು. ಮಗಳು ಓದಿ ಪಟ್ಟಣದಲ್ಲಿ ನೌಕರಿಯಲ್ಲಿದ್ದಾಳೆಂದು ಹಿಗ್ಗಿನಿಂದ ಹೇಳಿದಳು. ಮೊದಲ ವರ್ಷ ಅಲುಗದ ನೆಲದ ಮೇಲೆ ನಿದ್ದೆ ಬರುತ್ತಿರಲಿಲ್ಲವೆಂದೂ ಹೇಳಿದಳು.

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಅವರ ತವರೂ ಅತ್ತೆಯ ಮನೆಯೂ ಹಳೆಯ ಬಾಗಲಕೋಟೆಯಲ್ಲಿ. ಆಲಮಟ್ಟಿಯ ಹಿನ್ನೀರು ಏರಿದಾಗ ಮನೆ ಬಿಟ್ಟು ನವನಗರ ಸೇರಿದ ಸಾವಿರಾರು ಕುಟುಂಬಗಳಲ್ಲಿ ಅವರದೂ ಒಂದು. ಕೊನೆಗೆ ಆಕೆಯ ಮೊಣಕೈ ಮುಟ್ಟಿ, "ನಮ್ಮ ಮನಿನೂ ನೀರಾಗ ಹೋತವ್ವ" ಎಂದರು. ಒಬ್ಬಳ ಮನೆ ನೀರಿನಿಂದ ನೆಲಕ್ಕೆ ಹೋಯಿತು; ಇನ್ನೊಬ್ಬರ ಮನೆ ನೆಲದಿಂದ ನೀರಿಗೆ ಹೋಯಿತು. ಮಾರ್ಗದರ್ಶಕನು ಈ ಮಾತನ್ನು ಅನುವಾದಿಸುವ ಮೊದಲೇ ಆಕೆಯ ಕಣ್ಣು ತುಂಬಿದ್ದವು. ಅಜ್ಜಿ ಚೀಲದಿಂದ ಶೇಂಗಾ ಹೋಳಿಗೆ ತೆಗೆದು ಆಕೆಯ ಮಡಿಲಿಗೆ ಹಾಕಿದರು.

ಕೂಡಲಸಂಗಮದ ನೆನಪು ನಮಗೆ ಆಗ ಬಂದಿತು. ನಾರಾಯಣಪುರ ಜಲಾಶಯದ ಹಿನ್ನೀರು ಅಲ್ಲಿಯೂ ಏರಿತು. ಬಸವಣ್ಣನವರ ಐಕ್ಯಸ್ಥಳಕ್ಕೆ ಸುತ್ತ ಎತ್ತರದ ಗೋಡೆ ಕಟ್ಟಿ, ಮೆಟ್ಟಿಲಿಳಿದು ದರ್ಶನ ಪಡೆಯುವಂತೆ ಮಾಡಿದ್ದಾರೆ. ನಾವು ಐಕ್ಯಸ್ಥಳವನ್ನು ಉಳಿಸಿಕೊಂಡೆವು. ನೆಲ ಬಿಟ್ಟು ಹೋದ ಮಂದಿಯನ್ನು ಅಷ್ಟೇ ಅಕ್ಕರೆಯಿಂದ ನೆನೆಯುತ್ತೇವೆಯೇ ಎಂಬುದು ಪ್ರತಿಯೊಬ್ಬ ಭಕ್ತನೂ ಕೇಳಿಕೊಳ್ಳತಕ್ಕ ಪ್ರಶ್ನೆ.

ಹುಟ್ಟು ಹಾಕುವ ಕಾಯಕಕ್ಕೆ ನಮ್ಮಲ್ಲಿ ದೊಡ್ಡ ಮರ್ಯಾದೆ ಇದೆ. ಶರಣರಲ್ಲಿ ಅಂಬಿಗರ ಚೌಡಯ್ಯನವರಿದ್ದರು; ದೋಣಿ ನಡೆಸುವುದೇ ಅವರ ಕಾಯಕ. ಅನ್ಯರಂತೆ ದೇವರ ಹೆಸರನ್ನಲ್ಲ, ತಮ್ಮ ಹೆಸರನ್ನೇ ವಚನಗಳಿಗೆ ಅಂಕಿತವಾಗಿಟ್ಟ ಧೀರರು ಅವರು. ಹಾವೇರಿ ಜಿಲ್ಲೆಯ ತುಂಗಭದ್ರೆಯ ದಡದ ಚೌಡಯ್ಯದಾನಪುರ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. ಅವರ ಪರಂಪರೆಯವರೆನ್ನುವ ನಾವು ದೋಣಿಯಿಂದ ಇಳಿಯುವಾಗ ನಾಲ್ಕು ಕಾಸಿಗೆ ಚೌಕಾಶಿ ಮಾಡುವುದು ತರವಲ್ಲ.

ಅಪಾಯ ಮತ್ತು ಎಚ್ಚರ

ಸೌಂದರ್ಯವನ್ನು ಹೇಳಿ ಅಪಾಯವನ್ನು ಮುಚ್ಚಿಡುವುದು ಸಲ್ಲದು. 2011ರ ಫೆಬ್ರುವರಿಯಲ್ಲಿ ತಿ ತೊಪ್ ದ್ವೀಪದ ಬಳಿ ಲಂಗರು ಹಾಕಿದ್ದ ಹಡಗೊಂದು ನಸುಕಿನಲ್ಲಿ ಮುಳುಗಿ, ಮಲಗಿದ್ದ ಹನ್ನೆರಡು ಜನ ತೀರಿಕೊಂಡರು. 2024ರ ಸೆಪ್ಟೆಂಬರಿನಲ್ಲಿ ಯಾಗಿ ಎಂಬ ಚಂಡಮಾರುತ ಈ ಕರಾವಳಿಯನ್ನು ಅಪ್ಪಳಿಸಿ ಅನೇಕ ದೋಣಿಗಳನ್ನು ಮುಳುಗಿಸಿತು. 2025ರ ಜುಲೈ 19ರಂದು ಹಗಲಿನ ವಿಹಾರಕ್ಕೆ ಹೊರಟ ದೋಣಿಯೊಂದು ಹಠಾತ್ತನೆ ಎದ್ದ ಬಿರುಗಾಳಿ-ಮಳೆಗೆ ಮಗುಚಿ ಮೂವತ್ತಕ್ಕೂ ಹೆಚ್ಚು ಜನ, ಅವರಲ್ಲಿ ಮಕ್ಕಳೂ ಸೇರಿ, ಜೀವ ಕಳೆದುಕೊಂಡರು.

ಆದ್ದರಿಂದ ಹೋಗುವವರು ಕೆಲವು ಮಾತುಗಳನ್ನು ಮನದಲ್ಲಿಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿರುಗಾಳಿಯ ಕಾಲ. ಆಗ ಹೋಗದಿರುವುದು ಕ್ಷೇಮ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತಿಂಗಳುಗಳಲ್ಲಿ ಹವೆ ತಿಳಿಯಾಗಿರುತ್ತದೆ. ಫೆಬ್ರುವರಿ, ಮಾರ್ಚ್‌ಗಳಲ್ಲಿ ಮಂಜು, ತುಂತುರು, ಚಳಿ. ಹಿರಿಯರಿಗೆ ಉಣ್ಣೆಯ ಹೊದಿಕೆ ಬೇಕು. ಗಾಳಿಯ ಮುನ್ಸೂಚನೆ ಇದ್ದಾಗ ಅಧಿಕಾರಿಗಳು ಹಡಗುಗಳನ್ನು ತಡೆಯುತ್ತಾರೆ; ಹಾಗಾದರೆ ಹಣ ಹೋಯಿತೆಂದು ಕೊರಗದೆ, ಜೀವ ಉಳಿಯಿತೆಂದು ತಿಳಿಯಬೇಕು. ಹಡಗು ಹತ್ತಿದೊಡನೆ ಲೈಫ್ ಜಾಕೆಟ್ ಎಲ್ಲಿದೆ, ಹೊರಬರುವ ದಾರಿ ಯಾವುದು ಎಂದು ಮನೆಮಂದಿಗೆಲ್ಲ ತೋರಿಸಬೇಕು. ದೋಣಿಯಲ್ಲಿ ಅದನ್ನು ತೊಡದೆ ಕೂಡಬಾರದು. ಭಾರತೀಯರು ಇ-ವೀಸಾವನ್ನು ಮನೆಯಿಂದಲೇ ಪಡೆಯಬಹುದು. ಅದರಲ್ಲಿನ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ.

ಹೆತ್ತವರನ್ನು ಕರೆದೊಯ್ಯುವ ಮಕ್ಕಳಿಗೆ ನಮ್ಮದೊಂದು ವಿನಂತಿ. ತಾಣಗಳ ಪಟ್ಟಿಯನ್ನು ಉದ್ದ ಮಾಡಬೇಡಿರಿ. ಮುಂಜಾನೆ ಪೂಜೆಗೆ ಒಂದು ಗಂಟೆ, ಸಂಜೆ ಸುಮ್ಮನೆ ಕುಳಿತುಕೊಳ್ಳಲು ಒಂದು ಗಂಟೆ ಅವರಿಗಾಗಿ ಬಿಡಿರಿ. ಅಲ್ಲಿನ ಜನರೊಡನೆ ಅವರು ಮಾತಾಡಲು ಎಡೆ ಮಾಡಿಕೊಡಿರಿ. ಭಾಷೆ ಬಾರದಿದ್ದರೂ ಹಿರಿಯರು ಮಾತಾಡಬಲ್ಲರು. ಹಣ, ಆರೋಗ್ಯ, ಅನುಕೂಲ ಕೂಡಿಬಂದವರು ಹೋಗಿಬರಲಿ. ಕೂಡಿಬರದವರು ಕೊರಗುವುದು ಬೇಡ. ಮನೆಯಲ್ಲಿದ್ದೇ ನೆರೆಯ ಊರಿನ ಮುಳುಗಡೆಯ ಅಜ್ಜಿಯೊಬ್ಬರ ಮಾತನ್ನು ಕುಳಿತು ಕೇಳಿದರೆ, ಅದೂ ಒಂದು ಯಾತ್ರೆಯೇ ಸರಿ.